ಜ್ವಾಲಾಮುಖಿ ನೆಲದಲ್ಲಿ ಕೊರೆಯೋ ಮುಂಚೆ ಕಿವಿಗೊಟ್ಟು ಕೇಳಲಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಜ್ವಾಲಾಮುಖಿ ಇರೋ ದೇಶಗಳು ಭೂಶಾಖದಿಂದ ಕರೆಂಟ್ ತೆಗೆಯೋದರ ಬಗ್ಗೆ ಬಂದ ಲೇಖನ ಓದಿದೆ, ತುಂಬಾ ಖುಷಿ ಆಯ್ತು, ಕನ್ನಡದಲ್ಲಿ ಈ ವಿಷಯಕ್ಕೆ ಕೈ ಹಾಕೋರೇ ಕಮ್ಮಿ. ಆದರೆ ಅದರಲ್ಲಿ ಸೀಸ್ಮಿಕ್ ಸರ್ವೇ, ಅಂದ್ರೆ ನೆಲದೊಳಗೆ ಹಾಯೋ ಕಂಪನದ ಅಲೆ ಅಳೆಯೋ ಕೆಲಸ, ಮಾಡಿದ್ರೆ ನೆಲದಡಿ ಶಾಖ ಎಲ್ಲಿದೆ ಅಂತ ಎಕ್ಸ್‌ರೇ ತೆಗೆದ ಹಾಗೆ ಕಾಣತ್ತೆ ಅನ್ನೋ ಅರ್ಥ ಬರೋ ಒಂದು ಮಾತಿದೆ, ಅದನ್ನ ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ. ನಾನು ಎಣ್ಣೆ ಹುಡುಕೋ ಸೀಸ್ಮಿಕ್ ಪಾರ್ಟಿಯಲ್ಲಿ, ಅಂದ್ರೆ ಸರ್ವೇ ತಂಡದಲ್ಲಿ, ವರ್ಷಗಟ್ಟಲೆ ದುಡಿದವನು. ಸೀಸ್ಮಿಕ್‌ಗೆ ಶಾಖ ಕಾಣಲ್ಲ ಸಾರ್. ಕಲ್ಲು ಎಲ್ಲಿ ಬದಲಾಗತ್ತೆ, ಎಷ್ಟು ಗಟ್ಟಿ, ಎಲ್ಲಿ ಬಿರುಕು ಬಿಟ್ಟಿದೆ, ಬಿರುಕಲ್ಲಿ ನೀರು ತುಂಬಿದ್ಯೋ ಆವಿ ತುಂಬಿದ್ಯೋ ಅನ್ನೋದರ ಸುಳಿವು ಸಿಗತ್ತೆ, ಶಾಖ ಇದೆ ಅನ್ನೋದು ಆಮೇಲೆ ನಾವು ಮಾಡ್ಕೊಳ್ಳೋ ಲೆಕ್ಕಾಚಾರ.

ಕೆಲಸ ಹೇಗೆ ನಡೆಯತ್ತೆ ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಮುಷ್ಟಿಯಷ್ಟು ಗಾತ್ರದ ಜಿಯೋಫೋನ್, ಅಂದ್ರೆ ನೆಲದ ನಡುಕ ಹಿಡಿಯೋ ಸಾಧನ, ಕೆಳಗೊಂದು ಮೊಳೆ, ಅದನ್ನ ನೆಲಕ್ಕೆ ಒತ್ತಿ ಅಲ್ಲಾಡದ ಹಾಗೆ ನಿಲ್ಲಿಸಬೇಕು, ಹೀಗೆ ಸಾಲಾಗಿ ನೂರಾರು, ಸಾವಿರಾರು. ಆಮೇಲೆ ಗುಂಡಿ ತೋಡಿ ಸಣ್ಣ ಮದ್ದು ಸಿಡಿಸ್ತಾರೆ, ಇಲ್ಲಾಂದ್ರೆ ವೈಬ್ರೇಟರ್ ಲಾರಿ ತಂದು ನೆಲ ನಡುಗಿಸ್ತಾರೆ, ಆ ಅಲೆ ಕೆಳಗೆ ಹೋಗಿ ಬಂಡೆಗೆ ಬಡಿದು ವಾಪಸ್ ಬರೋದನ್ನ ಜಿಯೋಫೋನ್ ಹಿಡ್ಕೊಳ್ಳತ್ತೆ. ದೂರದಲ್ಲಿ ಒಂದು ಟ್ರ್ಯಾಕ್ಟರ್ ಹೋದ್ರೂ ಅದು ಹಾದು ಹೋಗೋವರೆಗೂ ಕಾಯಬೇಕು, ಗಾಳಿ ಜೋರಾದ್ರೆ ಅವತ್ತಿನ ಕೆಲಸ ಅಲ್ಲಿಗೆ ಮುಗೀತು. ಮೆತ್ತನೆ ಮಣ್ಣಿದ್ರೆ ಮೊಳೆ ಸಲೀಸಾಗಿ ಇಳಿಯತ್ತೆ, ಕರಿಕಲ್ಲಿನ ಮೇಲೆ ಇಳಿಯಲ್ಲ, ಡ್ರಿಲ್ ಹಾಕಿ ತೂತು ಮಾಡಿ ಕೂರಿಸಬೇಕು, ಸರಿಯಾಗಿ ಕೂರದ ಜಿಯೋಫೋನ್ ಕೊಡೋ ಸಿಗ್ನಲ್ ನೋಡಿದರೆ ಅಳು ಬರತ್ತೆ.

ಎಣ್ಣೆ ಸಿಗೋ ಕಡೆ ಸಾಮಾನ್ಯವಾಗಿ ಕಲ್ಲಿನ ಪದರಗಳು ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಮಲಗಿರ್ತವೆ, ಅಲೆ ಚೆನ್ನಾಗಿ ವಾಪಸ್ ಬರತ್ತೆ. ಜ್ವಾಲಾಮುಖಿ ನೆಲ ಹಂಗಲ್ಲ. ಮೇಲೆ ಸಡಿಲ ಬೂದಿ, ಅದರಡಿ ಗಟ್ಟಿ ಲಾವಾ, ಮತ್ತೆ ಬೂದಿ, ಮಧ್ಯೆ ಮಧ್ಯೆ ಟೊಳ್ಳು, ಅಡ್ಡಾದಿಡ್ಡಿ ನುಗ್ಗಿ ಹೆಪ್ಪುಗಟ್ಟಿದ ಶಿಲೆ. ಬಸಾಲ್ಟ್ ಅನ್ನೋ ಗಟ್ಟಿ ಲಾವಾ ಕಲ್ಲಲ್ಲಿ ಸೆಕೆಂಡಿಗೆ 5-6 ಕಿ.ಮೀ. ಓಡೋ ಅಲೆ ಸಡಿಲ ಬೂದಿಯಲ್ಲಿ 1 ಕಿ.ಮೀ. ಓಡೋಕೂ ಒದ್ದಾಡತ್ತೆ, ಹಾಗಾಗಿ ಅಲೆ ಕೆಳಗೆ ಮುಟ್ಟೋ ಮುಂಚೆನೇ ಮೇಲೇ ಚದುರಿ ಹೋಗತ್ತೆ. ಇದೇ ಕಾರಣಕ್ಕೆ ಭೂಶಾಖ ಹುಡುಕೋರು ಮೊದಲು ಮ್ಯಾಗ್ನೆಟೋಟೆಲ್ಯೂರಿಕ್ ಸರ್ವೇ, ಅಂದ್ರೆ ಎಂ.ಟಿ., ಮಾಡಿ ನೆಲದಡಿ ಕಲ್ಲಿಗೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯತ್ತೆ ಅಂತ ನೋಡ್ತಾರೆ. ಬಿಸಿನೀರು ಕಲ್ಲನ್ನ ಕೆಡಿಸಿ ಜೇಡಿ ಮಾಡಿರತ್ತಲ್ಲ, ಆ ಜೇಡಿಯ ಮುಚ್ಚಳ ಅದರಲ್ಲಿ ಚೆನ್ನಾಗಿ ಕಾಣತ್ತೆ. ಅದು ಸರಿನೇ. ಆದ್ರೆ ಮುಚ್ಚಳದ ಕೆಳಗೆ ಆವಿ ಯಾವ ಬಿರುಕಲ್ಲಿ ಓಡಾಡ್ತಿದೆ ಅಂತ ತಿಳಿಯೋಕೆ ಸೀಸ್ಮಿಕ್ ಬೇಕೇ ಬೇಕು, ಅದರಲ್ಲೂ ಮದ್ದು ಸಿಡಿಸದೆ ಸುಮ್ಮನೆ ಕೂತು ಕೇಳೋ ಸೀಸ್ಮಿಕ್. ಈ ಪತ್ರ ಬರೀತಿರೋದೇ ಅದಕ್ಕೆ.

ಐಸ್‌ಲ್ಯಾಂಡಿನ ಕ್ರಾಫ್ಲಾ ನೋಡಿ. ಅಲ್ಲಿ 1975ರಿಂದ 1984ರವರೆಗೆ ಒಂಬತ್ತು ಸಲ ಲಾವಾ ಉಕ್ಕಿತು, ಅದೇ ಹೊತ್ತಿಗೆ ಪಕ್ಕದಲ್ಲೇ ಪವರ್ ಸ್ಟೇಷನ್ ಕಟ್ತಾ ಇದ್ರು. ಆ ಗಲಾಟೆಯಲ್ಲಿ ಆದ ಸಣ್ಣ ಸಣ್ಣ ಭೂಕಂಪಗಳನ್ನ ಪಾಲ್ ಐನರ್ಸನ್ ಅನ್ನೋ ವಿಜ್ಞಾನಿ ಗಮನಿಸಿ ನೋಡಿದಾಗ ಕೆಲವು ದಾರಿಯಲ್ಲಿ ಬಂದ ಎಸ್ ಅಲೆಗಳು, ಅಂದ್ರೆ ಕಲ್ಲನ್ನ ಅಡ್ಡಡ್ಡ ಅಲ್ಲಾಡಿಸ್ತಾ ಸಾಗೋ ಭೂಕಂಪದ ಅಲೆಗಳು, ಕಾಣೆಯಾಗಿದ್ದವು. ಎಸ್ ಅಲೆ ದ್ರವದೊಳಗೆ ಹಾಯಲ್ಲ, ಹಾಗಾಗಿ ದಾರಿಯಲ್ಲಿ ಕರಗಿದ ಕಲ್ಲಿದೆ ಅಂತ ಲೆಕ್ಕ ಹಾಕಿ ಸುಮಾರು 3 ಕಿ.ಮೀ. ಆಳದಿಂದ ಶುರುವಾಗೋ ಶಿಲಾರಸದ ಕೋಣೆ ಇದೆ ಅಂತ 1978ರಲ್ಲಿ ತೋರಿಸಿದ್ರು. ಎಷ್ಟು ಚಂದದ ಕೆಲಸ ನೋಡಿ, ಒಂದು ಮದ್ದೂ ಸಿಡಿಸಿಲ್ಲ, ಭೂಮಿ ತಾನಾಗೇ ನಡುಗಿದ್ದನ್ನ ಕೇಳಿಸಿಕೊಂಡಿದ್ದು ಅಷ್ಟೇ.

ಮೂವತ್ತು ವರ್ಷ ಆದ್ಮೇಲೆ 2009ರಲ್ಲಿ ಅಲ್ಲೇ 4.5 ಕಿ.ಮೀ. ಆಳಕ್ಕೆ ಹೋಗ್ತೀವಿ ಅಂತ ಐಸ್‌ಲ್ಯಾಂಡಿನ ಆಳ ಕೊರೆತದ ಯೋಜನೆಯ ಐಡಿಡಿಪಿ-1 ಅನ್ನೋ ಬಾವಿ ಕೊರೆಯೋಕೆ ಹೊರಟ್ರು. 2.1 ಕಿ.ಮೀ.ಗೇ ಡ್ರಿಲ್ ಸಿಕ್ಕಿಹಾಕ್ಕೊಳ್ತು, ಬಿಡಿಸಿದ್ರೆ ಮತ್ತೆ ಸಿಕ್ಕಿಹಾಕ್ಕೊಳ್ತು, ಕೊನೆಗೆ ಮೇಲೆ ಬಂದ ಚೂರುಗಳಲ್ಲಿ ಹೊಸದಾಗಿ ಹೆಪ್ಪುಗಟ್ಟಿದ ಗಾಜು, ಅಂದ್ರೆ ಥಟ್ಟನೆ ಆರಿದ ಶಿಲಾರಸ! ಸುಮಾರು 900 ಡಿಗ್ರಿಯ ಶಿಲಾರಸಕ್ಕೇ ಚುಚ್ಚಿಬಿಟ್ಟಿದ್ರು. ಮುಂಚೆ ಮಾಡಿದ್ದ ಸರ್ವೇಗಳಲ್ಲಿ, ಎಂ.ಟಿ. ಸೇರಿ, ಆ ಆಳದಲ್ಲಿ ಅದಿದೆ ಅಂತ ಗೊತ್ತೇ ಆಗಿರಲಿಲ್ಲ. ಪುಣ್ಯಕ್ಕೆ ಅನಾಹುತ ಆಗಲಿಲ್ಲ, ಬದಲಿಗೆ ಆ ಬಾವಿಯಿಂದ 450 ಡಿಗ್ರಿ ಆವಿ ಬಂತು, ಆ ಒಂದೇ ಬಾವಿಯಿಂದ 36 ಮೆಗಾವ್ಯಾಟ್ ತೆಗೀಬಹುದು ಅಂತ ಅಂದಾಜು ಮಾಡಿದ್ರು, ಅಲ್ಲಿನ ಇಡೀ ಸ್ಟೇಷನ್ನೇ 60 ಮೆಗಾವ್ಯಾಟ್! ಆದ್ರೆ ಆ ಬಿಸಿಯನ್ನ ವಾಲ್ವ್‌ಗಳು ತಡ್ಕೊಳ್ಳಲಿಲ್ಲ, 2012ರಲ್ಲಿ ಬಾವಿ ಮುಚ್ಚಬೇಕಾಯ್ತು. ಆಮೇಲೆ ಸಂಶೋಧಕರು ಕ್ರಾಫ್ಲಾದ ಪುಟಾಣಿ ಭೂಕಂಪಗಳನ್ನೇ ಮದ್ದಿನ ಬದಲು ಬಳಸಿ, ಶಿಲಾರಸಕ್ಕೆ ಬಡಿದು ವಾಪಸ್ ಬಂದ ಅಲೆಗಳನ್ನ ಹುಡುಕಿ ತೆಗೆದ್ರು. ಅಂದ್ರೆ ಕೇಳಿಸಿಕೊಳ್ಳೋ ವಿಧಾನ ಇತ್ತು, ಅದನ್ನ ಕೊರೆಯೋ ಮುಂಚೆ ಅಷ್ಟು ದಟ್ಟವಾಗಿ ಮಾಡಿರಲಿಲ್ಲ, ನನ್ನ ಹೊಟ್ಟೆಯುರಿ ಇಷ್ಟೇ.

ಇದೊಂದೇ ಜಾಗ ಅಲ್ಲ. ಹವಾಯಿಯ ಪುನಾದಲ್ಲಿ 2005ರಲ್ಲಿ ಸುಮಾರು 2.5 ಕಿ.ಮೀ. ಆಳದಲ್ಲಿ, ಕೀನ್ಯಾದ ಮೆನೆಂಗಾಯಿಯಲ್ಲಿ 2 ಕಿ.ಮೀ. ಆಸುಪಾಸಿನಲ್ಲಿ ಹೀಗೇ ಡ್ರಿಲ್ ಶಿಲಾರಸ ಮುಟ್ಟಿದೆ. ಇಟಲಿಯ ಲಾರ್ಡೆರೆಲ್ಲೋ ಅಂತೂ 1904ರಲ್ಲೇ ಭೂಮಿಯ ಆವಿಯಿಂದ ಬಲ್ಬ್ ಉರಿಸಿದ ಊರು, ಅಲ್ಲಿ ಸೀಸ್ಮಿಕ್‌ನಲ್ಲಿ ಎದ್ದು ಕಾಣೋ ಒಂದು ಗೆರೆ ಇದೆ, ಕೆ-ಹೊರೈಜನ್ ಅಂತಾರೆ, ಅದೇನು ಅಂತ ನೋಡೋಕೆ 2017ರಲ್ಲಿ ಒಂದು ಬಾವಿಯನ್ನ ಸುಮಾರು 2.9 ಕಿ.ಮೀ.ವರೆಗೆ ಇಳಿಸಿದ್ರು, 500 ಡಿಗ್ರಿ ದಾಟಿತು. ಅಲ್ಲಿ ಸೀಸ್ಮಿಕ್ ತೋರಿಸಿದ ಕಡೆಯೇ ಕೊರೆದು ಬಿಸಿ ಸಿಕ್ಕಿತು, ಅದನ್ನೂ ಹೇಳಬೇಕು.

ಇನ್ನೊಂದು ವಿಷಯ. ಸರ್ವೇ ಅಂದ ಕೂಡಲೇ ಊರೋರು ಭೂಕಂಪ ಆಗತ್ತೆ ಅಂತ ಹೆದರ್ತಾರೆ, ನಾನೇ ಎಷ್ಟೋ ಹೊಲಗಳಲ್ಲಿ ಈ ಮಾತು ಕೇಳಿದೀನಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 2006ರಲ್ಲಿ 3.4 ತೀವ್ರತೆಯ ಕಂಪನ ಆಗಿ ಭೂಶಾಖ ಪ್ರಾಜೆಕ್ಟ್ ನಿಂತಿದ್ದು ನಿಜ, ಕೊರಿಯಾದ ಪೊಹಾಂಗ್‌ನಲ್ಲಿ ಭೂಶಾಖ ಪ್ರಾಜೆಕ್ಟ್ ಪಕ್ಕ 2017ರಲ್ಲಿ 5.5 ಆಗಿ ಮನೆಗಳು ಹಾಳಾಗಿದ್ದೂ ನಿಜ. ಆದರೆ ಎರಡೂ ಕಡೆ ಕಾರಣ ಆಳದ ಬಂಡೆಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿದ್ದು, ಸರ್ವೇ ಅಲ್ಲ, ಎರಡೂ ಜ್ವಾಲಾಮುಖಿ ಜಾಗಗಳೂ ಅಲ್ಲ. ಸರ್ವೇಯಿಂದ ಬಾವಿ ಪಕ್ಕದ ಗೋಡೆ ಬಿರುಕು ಬಿಟ್ಟರೆ ಪರಿಹಾರ ಕೊಡಲೇಬೇಕು, ಬೆಳೆ ತುಳಿದರೂ ಕೊಡಬೇಕು, ಮುಂಚೆನೇ ಊರಲ್ಲಿ ಡಂಗುರ ಸಾರಿ ಹೇಳಬೇಕು, ಇದರಲ್ಲಿ ರಾಜಿ ಬೇಡ.

ನಮ್ಮ ಕಡೆ ವಿಷಯಕ್ಕೆ ಬಂದ್ರೆ, ಬೆಳಗಾವಿ, ವಿಜಯಪುರ, ಬೀದರ್ ಕಡೆ ಇರೋ ಕಪ್ಪು ಲಾವಾ ಕಲ್ಲು ನೋಡಿ ನಮ್ಮಲ್ಲೂ ಹೀಗೇ ಕರೆಂಟ್ ತೆಗೀಬಹುದಲ್ಲ ಅಂತ ಸುಮಾರು ಜನ ಕೇಳ್ತಾರೆ. ಆ ಲಾವಾ ಹರಿದು 6.6 ಕೋಟಿ ವರ್ಷ ಆಯ್ತು, ಆ ಬಿಸಿ ಯಾವತ್ತೋ ಆರಿದೆ. ನಮ್ಮ ದೇಶದ ಒಂದೇ ಜೀವಂತ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ, ಅಲ್ಲಿ ಜನವಸತಿಯೇ ಇಲ್ಲ. ಲಡಾಖಿನ ಪುಗಾ ಕಣಿವೆ ಜ್ವಾಲಾಮುಖಿ ಅಲ್ಲ, ಆದ್ರೂ ಅಲ್ಲಿ ಬಿಸಿ ಇದೆ, 2021ರಲ್ಲಿ ಓಎನ್‌ಜಿಸಿ ಅಲ್ಲಿ ಭೂಶಾಖದ ಕರೆಂಟ್ ತೆಗೆಯೋಕೆ ಒಪ್ಪಂದ ಮಾಡಿಕೊಂಡಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಂದ್ರೆ ಎನ್‌ಜಿಆರ್‌ಐ ಅಲ್ಲಿ ಎಂ.ಟಿ. ಸರ್ವೇ ಮಾಡಿದೆ. ಇದೇ ಎನ್‌ಜಿಆರ್‌ಐ 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿವರೆಗೆ ಸುಮಾರು 600 ಕಿ.ಮೀ. ಉದ್ದಕ್ಕೆ ಮದ್ದು ಸಿಡಿಸಿ ಭೂಮಿಯ ಹೊರಪದರದ ಬುಡದವರೆಗೂ ನೋಡಿದ ಸಂಸ್ಥೆ, ಆ ಕಾಲದ ಉಪಕರಣಗಳಲ್ಲಿ! ನಮ್ಮವರಿಗೆ ಕೆಲಸ ಬರಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಹಾಗಾಗಿ ನಾನು ಕೇಳೋದು ಇಷ್ಟು: ಪುಗಾದಲ್ಲಾಗಲಿ, ನಾಳೆ ನಮ್ಮ ಕಂಪನಿಗಳು ಕೀನ್ಯಾ, ಇಂಡೋನೇಷ್ಯಾದ ಜ್ವಾಲಾಮುಖಿ ನೆಲಕ್ಕೆ ಹೋದಾಗಲಾಗಲಿ, ಆಳದ ಬಾವಿಗೆ ಮುಂಚೆ ಕನಿಷ್ಠ ಒಂದು ವರ್ಷ ಹತ್ತಾರು ಸೀಸ್ಮೋಮೀಟರ್ ಹೂತಿಟ್ಟು ಅಲ್ಲಿನ ಸಣ್ಣ ನಡುಕಗಳನ್ನ ಕೇಳಲಿ, ಎಂ.ಟಿ. ಜೊತೆ ಕೂರಿಸಿ ನೋಡಲಿ, ಆ ಡೇಟಾ ನಮ್ಮ ಕಾಲೇಜುಗಳ ಜಿಯಾಲಜಿ ಹುಡುಗರಿಗೂ ಸಿಗೋ ಹಾಗೆ ಮಾಡಲಿ. ಬಜೆಟ್ ಕಮ್ಮಿ ಆದಾಗ ಮೊದಲು ಕತ್ತರಿ ಬೀಳೋದೇ ಸರ್ವೇ ದುಡ್ಡಿಗೆ, ಇದು ನಿಲ್ಲಬೇಕು. ನಿಮ್ಮ ವರದಿಗಾರರು ಮುಂದಿನ ಸಲ ಇಂಥ ಪ್ರಾಜೆಕ್ಟ್ ಬಗ್ಗೆ ಬರೆಯುವಾಗ ಎಷ್ಟು ಮೆಗಾವ್ಯಾಟ್ ಅಂತ ಕೇಳೋದರ ಜೊತೆ ಎಷ್ಟು ದಿನ ಕೇಳಿಸಿಕೊಂಡು ಆಮೇಲೆ ಕೊರೆದ್ರಿ ಅಂತಲೂ ಕೇಳಿ ಬರೀಲಿ ಅಂತ ವಿನಂತಿ.

– ನಿವೃತ್ತ ಸೀಸ್ಮಿಕ್ ಪಾರ್ಟಿ ನೌಕರ, ಶಿವಮೊಗ್ಗ