ಮಕ್ಕಳ ಎದುರು ನಮ್ಮ ಇಂಗ್ಲಿಷ್ ಪರೀಕ್ಷೆ ಬೇಡ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನಿಂದ ಒಬ್ಬ ನಿವೃತ್ತ ಶಿಕ್ಷಕಿಯ ನಮಸ್ಕಾರ. ಸರಕಾರಿ ಕನ್ನಡ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ಈಚೆಗೆ ಮನೆಗೆ ಬಂದವಳು ನಾನು. ಸೇವೆಯಲ್ಲಿದ್ದಾಗಲೇ ಇದನ್ನು ಬರೆಯಬೇಕೆಂದು ಎಷ್ಟೋ ಸಲ ಅನಿಸಿತ್ತು. ಆದರೆ ಸರಕಾರಿ ನೌಕರರು ಸರಕಾರವನ್ನು ಬಹಿರಂಗವಾಗಿ ಟೀಕಿಸಬಾರದು ಎನ್ನುವ 2021ರ ನಡತೆ ನಿಯಮಗಳನ್ನು ನಿಮಗೆ ನಾನು ತಿಳಿಸಬೇಕಾಗಿಲ್ಲ. ಈಗ ಪಿಂಚಣಿ ಕಾಗದ ಕೈಗೆ ಬಂದಿದೆ, ಬಾಯಿಯೂ ಬಂದಿದೆ.

ಇದನ್ನು ಶಿಕ್ಷಕರ ಕ್ಷೇತ್ರದಿಂದ ಆರಿಸಿ ಬಂದ ವಿಧಾನ ಪರಿಷತ್ ಸದಸ್ಯರಿಗೆ ಬರೆಯಬಹುದಿತ್ತಲ್ಲ ಎಂದು ನಮ್ಮ ಮನೆಯವರೇ ಕೇಳಿದರು. ಆ ಚುನಾವಣೆಯಲ್ಲಿ ಪ್ರೌಢಶಾಲೆ ಮತ್ತು ಅದರ ಮೇಲಿನವರಿಗಷ್ಟೇ ಮತ. ಸಂವಿಧಾನದ 171ನೆಯ ವಿಧಿಯ ಲೆಕ್ಕದಲ್ಲಿ ಅ ಆ ಇ ಈ ಕಲಿಸುವವರು ಶಿಕ್ಷಕರ ಪಟ್ಟಿಯಲ್ಲೇ ಬರುವುದಿಲ್ಲ. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ಕೇಳುವುದು ದೊಡ್ಡದೇನಲ್ಲ. ತರಗತಿಯೊಳಗೆ ಬಂದು ಮಕ್ಕಳ ಎದುರು ಶಿಕ್ಷಕರ ಇಂಗ್ಲಿಷ್ ಪರೀಕ್ಷೆ ಮಾಡಬಾರದು, ಅದನ್ನು ಮೊಬೈಲಿನಲ್ಲಿ ಹಿಡಿಯಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ಅರ್ಧ ಪುಟ ಸಾಕು.

ಯಾಕೆ ಎಂದು ಕೇಳುವಿರಾದರೆ, ಕಳೆದ ತಿಂಗಳು ನಡೆದದ್ದನ್ನು ಹೇಳುತ್ತೇನೆ. ಊರು, ಶಾಲೆ, ಬಂದವರ ಹೆಸರು ಬರೆಯುವುದಿಲ್ಲ. ಅಲ್ಲಿ ಇಂಗ್ಲಿಷ್ ಕಲಿಸುವ ಹುಡುಗಿ ಇನ್ನೂ ಬಹಳ ವರ್ಷ ನೌಕರಿ ಮಾಡಬೇಕಾದವಳು.

ಆಕೆ ನನಗೆ ತಂಗಿಯ ಹಾಗೆ. ಡಿ.ಎಡ್. ಮುಗಿಸಿ, ಪರೀಕ್ಷೆ ಬರೆದು, ಹಳ್ಳಿಯ ಶಾಲೆಗೆ ಬಂದವಳು. ಆ ದಿನ 5ನೆಯ ತರಗತಿಯಲ್ಲಿ ಸಂತೆ ಕೂಡಿಸಿದ್ದಳು. ಮಕ್ಕಳು ಮನೆಯಿಂದ ಬದನೆಕಾಯಿ, ಉಳ್ಳಾಗಡ್ಡಿ, ಮೆಂತ್ಯೆಸೊಪ್ಪು ತಂದಿದ್ದರು. ಅರ್ಧ ಮಕ್ಕಳು ಮಾರುವವರು, ಅರ್ಧ ಕೊಳ್ಳುವವರು. ದರ ಕೇಳುವುದು, ಚೌಕಾಸಿ ಮಾಡುವುದು, ಚಿಲ್ಲರೆ ವಾಪಸ್ ಕೊಡುವುದು, ಎಲ್ಲವೂ ಇಂಗ್ಲಿಷಿನಲ್ಲಿ. ತಪ್ಪು ಬರುತ್ತಿತ್ತು, ನಗು ಬರುತ್ತಿತ್ತು, ಮಾತೂ ಬರುತ್ತಿತ್ತು. ಮನೆಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಕಿವಿಗೆ ಬೀಳದ ಮಕ್ಕಳು ಅವು. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಅಪ್ಪ ಅವ್ವ ಹೊರಟರೆ ಅಜ್ಜಿಯ ಹತ್ತಿರ ಉಳಿಯುವಂಥವು ಅದರಲ್ಲಿ ಕೆಲವು. ಇಂಥ ಪಾಠ ನೋಡಬೇಕೆಂದರೆ ಪುಣ್ಯ ಮಾಡಿರಬೇಕು.

ಅಷ್ಟರಲ್ಲಿ ತಪಾಸಣೆಗೆಂದು ದೊಡ್ಡವರೊಬ್ಬರು ಬಂದರು. ಜೊತೆಗೆ ನಾಲ್ಕೈದು ಜನ, ಎಲ್ಲರ ಕೈಯಲ್ಲೂ ಮೊಬೈಲ್. ಬದನೆಕಾಯಿ ಕಾಲಿಗೆ ಅಡ್ಡ ಬಂತೆಂದು ಮೊದಲು ಅದನ್ನು ತೆಗೆಸಿದರು. ಆಮೇಲೆ ಆಕೆಯನ್ನು ಕರಿಹಲಗೆಯ ಹತ್ತಿರ ನಿಲ್ಲಿಸಿ, ಈ ಪಾಠದ ಕಲಿಕಾ ಫಲಗಳನ್ನು ಇಂಗ್ಲಿಷಿನಲ್ಲಿ ವಿವರಿಸಿ ಅಂದರು. ಆಕೆ ಶುರು ಮಾಡಿದಳು. ಎರಡನೆಯ ವಾಕ್ಯಕ್ಕೆ ತಡೆದು ತಿದ್ದಿದರು. ಮತ್ತೆ ಶುರು ಮಾಡಿದಳು, ಮತ್ತೆ ತಿದ್ದಿದರು. ಮೂರನೆಯ ಸಲ ಬಾಯಿ ಒಣಗಿ ಕನ್ನಡಕ್ಕೆ ಹೊರಳಿದಳು. "ಇಂಗ್ಲಿಷ್ ಮೇಡಂ, ಇಂಗ್ಲಿಷ್!" ಎಂದು ಗದರಿ, ಮಕ್ಕಳ ಕಡೆ ತಿರುಗಿ, "ನಿಮ್ ಟೀಚರ್‌ಗೆ ಇಂಗ್ಲಿಷ್ ಬರತೈತೇನ್ರೋ?" ಎಂದು ಕೇಳಿದರು.

ಸಚಿವರೇ, ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು "ಬರತೈತ್ರೀ ಸರ್, ಚೊಲೊ ಬರತೈತ್ರಿ" ಅಂದನಂತೆ. ಬಂದವರೆಲ್ಲ ನಕ್ಕರು. ಆ ನಗು ವಿಡಿಯೊದಲ್ಲಿದೆ, ನಾನೇ ಕೇಳಿದ್ದೇನೆ. ಹುಡುಗನ ಮಾತಿಲ್ಲ, ಕತ್ತರಿಸಿದ್ದಾರೆ. ಬಂದವರ ಇಂಗ್ಲಿಷ್ ಎಷ್ಟು ಚೆನ್ನಾಗಿತ್ತು ಎಂಬುದೂ ಅದರಲ್ಲಿಲ್ಲ. ಮೊಬೈಲ್ ಹಿಡಿದವರು ಅವರ ಕಡೆಯವರಲ್ಲವೇ.

ಸಂಜೆಯೊಳಗೆ ಅದು ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಬಂತು, ರಾತ್ರಿ ಆಕೆಯ ಗಂಡನ ಮನೆಯವರ ಗುಂಪಿಗೂ ಬಂತು. "ಇಂಥವರಿಗೆ ಸರಕಾರಿ ಪಗಾರ" ಎಂದು ಮೇಲೆ ಬರೆದು, ನಗುವ ಮುಖಗಳನ್ನು ಸಾಲಾಗಿ ಹಚ್ಚಿದ್ದರು. ಹತ್ತು ಗಂಟೆಗೆ ನನಗೆ ಫೋನ್ ಮಾಡಿದಳು. ಅಳಲಿಲ್ಲ. "ಅಕ್ಕೋರ, ನಾಳಿಂದ ನಾ ಇಂಗ್ಲಿಷ್ ತಗೊಳ್ಳಂಗಿಲ್ರಿ. ಪರಿಸರ ಅಧ್ಯಯನ ಕೊಡಸ್ರಿ, ಇಲ್ಲಾಂದ್ರ ಬಿಸಿಯೂಟದ ಲೆಕ್ಕಾ ಬರಕೋತ ಕುಂಡರ್ತೇನ್ರಿ" ಅಂದಳು.

ಹೆಡ್‌ಮಾಸ್ತರರು ವಿಷಯ ಬದಲಿಸಲಿಲ್ಲ. ಬದಲಿಸಿದರೆ ಕಲಿಸುವವರು ಯಾರು? ಈಗ ಆಕೆ ತರಗತಿಗೆ ಹೋಗಿ ಪ್ರಶ್ನೋತ್ತರ ಹಲಗೆಯ ಮೇಲೆ ಬರೆಯುತ್ತಾಳೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತವೆ. ಹಲಗೆಯ ಮೇಲೆ ಬರೆದದ್ದರಲ್ಲಿ ತಪ್ಪಿರುವುದಿಲ್ಲ, ಅದನ್ನು ಯಾರೂ ವಿಡಿಯೊ ಮಾಡುವುದಿಲ್ಲ. ಸಂತೆ ಮುಗಿಯಿತು. ತಪಾಸಣೆಯಿಂದ ಗುಣಮಟ್ಟ ಏರುತ್ತದೆ ಎನ್ನುತ್ತಾರಲ್ಲ, ಏರಿದ್ದು ಇದೇ.

ಈಗ ನನ್ನ ಕಥೆ. ಬೇಸರವಾದರೂ ಓದಿ, ಯಾಕೆಂದರೆ ನಮ್ಮ ಕಡೆಯ ಬಹಳ ಜನ ಶಿಕ್ಷಕರ ಕಥೆಯೂ ಸುಮಾರು ಹೀಗೇ ಇದೆ. ನಾನು ಎಬಿಸಿಡಿ ಕಂಡದ್ದು 5ನೆಯ ಇಯತ್ತೆಯಲ್ಲಿ. ನಮ್ಮ ಮಾಸ್ತರರು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಹೇಳಿದರು. ಪಿಯುಸಿಯಲ್ಲೂ ಅದೇ. ಶಿಕ್ಷಕರ ತರಬೇತಿ ಟಿ.ಸಿ.ಎಚ್. ಓದಿದ್ದು ಕನ್ನಡದಲ್ಲಿ, ನೌಕರಿಗೆ ಸೇರಿದ್ದು ಕನ್ನಡ ಶಾಲೆಗೆ. 2007-08ರಲ್ಲಿ ಸರಕಾರ 1ನೆಯ ತರಗತಿಯಿಂದಲೇ ಇಂಗ್ಲಿಷ್ ಎಂದಿತು. ಬಡವರ ಮಕ್ಕಳಿಗೂ ಇಂಗ್ಲಿಷ್ ಬರಲಿ ಎಂಬುದಕ್ಕೆ ನನ್ನ ತಕರಾರಿಲ್ಲ, ಆಗಲೂ ಇರಲಿಲ್ಲ. ಆದರೆ ಕಲಿಸುವವರು ಎಲ್ಲಿಂದ ಬರಬೇಕು? ಇದ್ದವರ ಮೇಲೇ ಬಿತ್ತು. ನಿನ್ನೆಯವರೆಗೆ ಕಾಗುಣಿತ ಬರೆಸುತ್ತಿದ್ದವಳು ಇವತ್ತಿನಿಂದ ಇಂಗ್ಲಿಷ್ ಟೀಚರ್. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಾಗಲೂ ಶಾಲೆಯಲ್ಲಿ ಇದ್ದವರೇ ಅದನ್ನೂ ಹೊತ್ತರು. ಈಜು ಬಾರದವರನ್ನು ಮಲಪ್ರಭೆಗೆ ನೂಕಿ, ದಂಡೆಯ ಮೇಲೆ ನಿಂತು ಮೊಬೈಲ್ ಹಿಡಿದರೆ ಹೇಗೋ, ಹಾಗಿದೆ ಈ ವ್ಯವಹಾರ.

ಓದಲು ನನಗೆ ಬರುತ್ತಿತ್ತು. ವ್ಯಾಕರಣ ಬರುತ್ತಿತ್ತು, ಪ್ಯಾಸಿವ್ ವಾಯ್ಸ್ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಬಾಯಿ ಬರುತ್ತಿರಲಿಲ್ಲ. ಬರುವುದಾದರೂ ಯಾರ ಜೊತೆ ಮಾತಾಡಿ? ಸ್ಟಾಫ್ ರೂಮಿನಲ್ಲಿ ಒಂದು ವಾಕ್ಯ ಇಂಗ್ಲಿಷಿನಲ್ಲಿ ಅಂದರೆ "ಏನ್ರಿ ಅಕ್ಕೋರ, ಲಂಡನ್ನಿಗೆ ಹೊಂಟೀರೇನು?" ಎನ್ನುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಡಿಯುತ್ತ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದೆ, ಅತ್ತೆಯವರು ಯಾರಿಗೋ ಬೈಯುತ್ತಿದ್ದೇನೆ ಎಂದುಕೊಂಡರು. ಧಾರವಾಡ ಆಕಾಶವಾಣಿಯ ಶಾಲಾ ಪಾಠಗಳನ್ನು ಮಕ್ಕಳಿಗಿಂತ ನಾನೇ ಹೆಚ್ಚು ಕಿವಿಗೊಟ್ಟು ಕೇಳಿದೆ. ಹೀಗೆ ಕಲಿತ ಇಂಗ್ಲಿಷ್ ನನ್ನದು. ಅದರಲ್ಲಿ ಸವದತ್ತಿ ಇದೆ. ಇರಲಿ ಬಿಡಿ, ಜಗತ್ತಿನಲ್ಲಿ ಇಂಗ್ಲಿಷ್ ಕಲಿಸುವವರಲ್ಲಿ ಹೆಚ್ಚಿನವರಿಗೆ ಅದು ತಾಯಿನುಡಿಯಲ್ಲ. ಚೀನಾದಲ್ಲಿ, ಬ್ರೆಜಿಲ್‌ನಲ್ಲಿ ಕಲಿಸುವವರ ಉಚ್ಚಾರದಲ್ಲೂ ಅವರವರ ಊರು ಇದ್ದೇ ಇರುತ್ತದೆ.

ತರಬೇತಿಯ ಮಾತು ತೆಗೆಯುತ್ತೀರಿ, ಗೊತ್ತು. ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇದೆ, ಅಲ್ಲಿಯ ಒಂದು ತಿಂಗಳ ತರಬೇತಿ ಒಳ್ಳೆಯದೇ ಎಂದು ಹೋಗಿ ಬಂದವರು ಹೇಳುತ್ತಾರೆ. (ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾಯ್ದೆಯೂ ಅದೇ 1963ರದು. ಎರಡೂ ಭಾಷೆಗಳ ಗತಿ ನಿಮ್ಮ ಕಣ್ಣ ಮುಂದಿದೆ.) ಹಾಲು ಕುಡಿಯುವ ಕೂಸು, ಹಾಸಿಗೆ ಹಿಡಿದ ಅತ್ತೆ, ಎರಡು ಎಮ್ಮೆ ಬಿಟ್ಟು ಸವದತ್ತಿಯಿಂದ ಬೆಂಗಳೂರಿಗೆ ಒಂದು ತಿಂಗಳು ಹೋಗುವ ಶಿಕ್ಷಕಿಯನ್ನು ನಾನಂತೂ ಕಂಡಿಲ್ಲ. ನಮಗೆ ಸಿಕ್ಕದ್ದು ತಾಲೂಕಿನಲ್ಲಿ ಒಂದೆರಡು ದಿನದ್ದು. ಅಲ್ಲಿ ಇಂಗ್ಲಿಷ್ ಮಾತಾಡುವುದು ಹೇಗೆಂದು ಕನ್ನಡದಲ್ಲಿ ಹೇಳುತ್ತಾರೆ. ಹೇಳುವವರೂ ನಮ್ಮಂಥವರೇ, ಅವರಿಗೂ ಅದೇ ಅಂಜಿಕೆ. ಮಧ್ಯಾಹ್ನ ಊಟ, ಸಂಜೆ ಹಾಜರಿ ಸಹಿ, ಗುಂಪು ಫೋಟೊ, ಮುಗಿಯಿತು. ಅಂಜಿಕೆ ಫೋಟೊದಲ್ಲಿ ಬೀಳುವುದಿಲ್ಲವಲ್ಲ.

ಹೆದರಿದ ಟೀಚರ್ ಬಾಯಿ ತೆರೆಯುವುದಿಲ್ಲ. ಟೀಚರ್ ಬಾಯಿ ತೆರೆಯದಿದ್ದರೆ ಹಳ್ಳಿಯ ಮಗು ಇಂಗ್ಲಿಷನ್ನು ಇನ್ನೆಲ್ಲಿ ಕೇಳಬೇಕು? ಇದಕ್ಕೆ ಸಮಿತಿ, ವರದಿ ಬೇಕಾಗಿಲ್ಲ. ಮಕ್ಕಳ ಎದುರು ಪರೀಕ್ಷೆ ಬೇಡ, ತರಗತಿಯಲ್ಲಿ ಮೊಬೈಲ್ ಬೇಡ, ಅಷ್ಟು ಬರೆದು ಸಹಿ ಮಾಡಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಬಾರದು ಎನ್ನುತ್ತದೆ. ಸರಿಯಾದ ಕಾನೂನು, ನಾವು ಪಾಲಿಸುತ್ತೇವೆ. ಮಗುವಿಗೆ "ದಡ್ಡ" ಅಂದರೆ ನಮಗೆ ನೋಟಿಸ್. ನಮ್ಮನ್ನು ಅದೇ ಮಗುವಿನ ಎದುರು ದಡ್ಡಿ ಮಾಡಿ ಊರಿಗೆಲ್ಲ ಹಂಚಿದವರಿಗೆ ಏನು? ಹಾರ, ಶಾಲು, ತೆಂಗಿನಕಾಯಿ. ಅದನ್ನೂ ನಾವೇ ವರ್ಗಣಿ ಕೂಡಿಸಿ ತಂದಿರುತ್ತೇವೆ.

ತಪಾಸಣೆಯೇ ಬೇಡ ಎನ್ನುತ್ತಿಲ್ಲ. ಬನ್ನಿ, ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ, ತಪ್ಪಿದ್ದರೆ ಆಫೀಸ್ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಹೇಳಿ. ನಮ್ಮ ಸೀಮೆಯಲ್ಲಿ ಮರಾಠಿಯ ಜೋರಿನಲ್ಲಿ ಕನ್ನಡ ಕಲಿಕೆಗೆ ಜಾಗ ಕಡಿಮೆಯಿದ್ದ ಕಾಲದಲ್ಲಿ ಕನ್ನಡ ಶಾಲೆಗಳನ್ನು ಎತ್ತಿ ನಿಲ್ಲಿಸಿದ ಡೆಪ್ಯುಟಿ ಚನ್ನಬಸಪ್ಪನವರೂ ಶಾಲೆ ತಪಾಸಣೆ ಮಾಡುವ ಅಧಿಕಾರಿಯೇ. ಅವರು ತೀರಿಕೊಂಡದ್ದು 1881ರಲ್ಲಿ. ಇಂದಿಗೂ ಬೆಳಗಾವಿ-ಧಾರವಾಡದ ಹಳೆಯ ಶಿಕ್ಷಕರು ಅವರ ಹೆಸರು ಬಂದರೆ ಕೈ ಮುಗಿಯುತ್ತಾರೆ. ಮೊನ್ನೆ ಬಂದು ಹೋದವರ ಹೆಸರು ಬಂದರೆ ಏನು ಮಾಡುತ್ತಾರೆಂದು ಬರೆಯಲಾರೆ, ಪತ್ರಕ್ಕೆ ಮರ್ಯಾದೆ ಇರಲಿ.

ಚಳಿಗಾಲದ ಅಧಿವೇಶನಕ್ಕೆ ನೀವೆಲ್ಲ ಬೆಳಗಾವಿಗೆ ಬರುತ್ತೀರಿ. ನನಗೊಂದು ಆಸೆ ಇದೆ. ಸುವರ್ಣ ವಿಧಾನಸೌಧದ ಮೊಗಸಾಲೆಯಲ್ಲಿ ನಾನೂ ಮೊಬೈಲ್ ಹಿಡಿದು ನಿಲ್ಲಬೇಕು. ಎದುರಿಗೆ ಬಂದ ಶಾಸಕರನ್ನೆಲ್ಲ ತಡೆದು, "ಸರ್, ಈ ವರ್ಷದ ಬಜೆಟ್ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ" ಎನ್ನಬೇಕು. ತಡವರಿಸಿದರೆ ಅವರ ಮತದಾರರ ಕಡೆ ತಿರುಗಿ "ನಿಮ್ ಸಾಹೇಬ್ರಿಗೆ ಬರತೈತೇನ್ರೋ?" ಎಂದು ಕೇಳಬೇಕು. ಬಿಡಿ, ಮಾಡುವುದಿಲ್ಲ. ಜನರ ಕೆಲಸ ಮಾಡಲು ಅವರಿಗೆ ಕನ್ನಡ ಸಾಕು, ಅದರಲ್ಲಿ ನನಗೆ ಸಂಶಯವಿಲ್ಲ. ಈ ದೊಡ್ಡ ಮನಸ್ಸು ನಮ್ಮ ಪಾಲಿಗೂ ಸ್ವಲ್ಪ ಬರಲಿ ಎಂದಷ್ಟೇ ಕೇಳುತ್ತೇನೆ.

ಮತ್ತೆ ಹೇಳುತ್ತೇನೆ: ಮಕ್ಕಳ ಎದುರು ಪರೀಕ್ಷೆ ಬೇಡ, ತರಗತಿಯಲ್ಲಿ ಮೊಬೈಲ್ ಬೇಡ. ಅಧಿಕಾರಿಗಳಿಗೂ, ಜನಪ್ರತಿನಿಧಿಗಳಿಗೂ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಜನಕ್ಕೂ, ಯೂಟ್ಯೂಬ್‌ನವರಿಗೂ ಇದು ಅನ್ವಯಿಸಲಿ. ಇದರ ಜೊತೆ ಇನ್ನೊಂದು ಸಾಧ್ಯವಾದರೆ, ಆ ಒಂದು ತಿಂಗಳ ತರಬೇತಿಯನ್ನು ಬೇಸಿಗೆ ರಜೆಯಲ್ಲಲ್ಲ, ಶಾಲೆಯ ದಿನಗಳಲ್ಲೇ, ಮನೆಗೆ ಹೋಗಿ ಬರುವ ದೂರದಲ್ಲಿ, ಬೆಳಗಾವಿ ಜಿಲ್ಲೆಯೊಳಗೇ ನಡೆಸಿ. ವಾರಕ್ಕೊಂದು ತಾಸು ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ, ಶಿಕ್ಷಕರು ಕೂತು ತಪ್ಪು ತಪ್ಪಾಗಿ ಇಂಗ್ಲಿಷ್ ಮಾತಾಡಲು ಬಿಡಿ. ಅಲ್ಲಿಗೆ ಯಾವ ಸಾಹೇಬರೂ ಬರಬಾರದು, ಹಾಜರಿ ಫೋಟೊವನ್ನೂ ಕೇಳಬಾರದು. ಇದು ಆಗದಿದ್ದರೆ ಹೋಗಲಿ, ಆ ಸುತ್ತೋಲೆಯನ್ನಾದರೂ ಕೊಡಿ.

ಅಧಿವೇಶನದ ಹೊತ್ತಿಗೆ ಸುವರ್ಣ ವಿಧಾನಸೌಧದ ಹತ್ತಿರ ಕೊಂಡಸಕೊಪ್ಪದ ಪ್ರತಿಭಟನೆಯ ಟೆಂಟಿನಲ್ಲಿ ಶಿಕ್ಷಕರು ಯಾವುದಾದರೂ ಬೇಡಿಕೆ ಹಿಡಿದು ಕೂತೇ ಇರುತ್ತಾರೆ, ಅವರ ನಡುವೆ ನಾನೂ ಬಂದು ಕೂಡುತ್ತೇನೆ. ಸುತ್ತೋಲೆಯ ಒಂದು ಪ್ರತಿಯನ್ನು ಅಲ್ಲಿಗೆ ಕಳಿಸಿದರೂ ನಡೆಯುತ್ತದೆ. ಆ ತಂಗಿಗೆ ನಾನೇ ಒಯ್ದು ಮುಟ್ಟಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಶಿಕ್ಷಕಿ,
ಸವದತ್ತಿ ತಾಲೂಕು, ಬೆಳಗಾವಿ ಜಿಲ್ಲೆ