ಏಳದ ಪೆಟ್ಟಿಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಕಾಲೇಜಿನ ವಿಜ್ಞಾನ ಮೇಳಕ್ಕೆ ಯಾರಿಂದಲೂ ಎತ್ತಲಾಗದ ಪೆಟ್ಟಿಗೆ ಮಾಡುತ್ತೇನೆ ಅಂತ ಬರೆದಿದ್ದೀಯ. ಮಾಡು. ಗುಟ್ಟು ಮೇಜಿನಲ್ಲಿ ಅಡಗಿಸಿಟ್ಟ ವಿದ್ಯುತ್ಕಾಂತ, ಕರೆಂಟ್ ಹರಿಸಿದಾಗ ಅದು ಪೆಟ್ಟಿಗೆಯ ತಳದ ಕಬ್ಬಿಣವನ್ನು ಹಿಡಿದುಕೊಳ್ಳುತ್ತೆ ಅಂತ ನಿನಗೆ ಗೊತ್ತೇ ಇದೆ. ಆದರೆ ಗುಟ್ಟು ಗೊತ್ತಾದ ಮಾತ್ರಕ್ಕೆ ಪೆಟ್ಟಿಗೆ ಆಗುವುದಿಲ್ಲ. ಇದನ್ನು ರಂಗದ ಮೇಲೆ ತಂದು ಹೆಸರಾದವನ ಕೈ ಎಲ್ಲಿ ಪಳಗಿತ್ತು ಅನ್ನುವುದನ್ನು ಮೊದಲು ನೋಡು.

ಅವನು ಫ್ರಾನ್ಸಿನ ಜಾದೂಗಾರ ಝಾನ್ ಯೂಜೆನ್ ರೊಬೇರ್-ಊದಾಂ. ಅಮೆರಿಕದ ಜಾದೂಗಾರ ಹೌದಿನಿ ತನ್ನ ಹೆಸರು ಕಟ್ಟಿಕೊಂಡದ್ದು ಇವನ ಹೆಸರಿನಿಂದಲೇ. 1805ರಲ್ಲಿ ಬ್ಲೋವಾ ಊರಿನಲ್ಲಿ ಗಡಿಯಾರದವನ ಮಗನಾಗಿ ಹುಟ್ಟಿದ. ಅಪ್ಪ ವಕೀಲರ ಕಚೇರಿಗೆ ಗುಮಾಸ್ತನಾಗಿ ಕಳಿಸಿದರೂ ಮತ್ತೆ ಗಡಿಯಾರಕ್ಕೇ ಬಂದ. 1830ರಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕ ಊದಾಂ ಅವರ ಮಗಳನ್ನು ಮದುವೆಯಾಗಿ, ಅವರ ಹೆಸರನ್ನೂ ತನ್ನದಕ್ಕೆ ಸೇರಿಸಿಕೊಂಡ. ಅವನು ಮಾಡಿದ, ಬರೆಯುವ, ಚಿತ್ರ ಬಿಡಿಸುವ ಯಂತ್ರದ ಗೊಂಬೆಗೆ 1844ರ ಪ್ಯಾರಿಸ್ ಪ್ರದರ್ಶನದಲ್ಲಿ ಬೆಳ್ಳಿ ಪದಕ ಸಿಕ್ಕಿತು. ಪ್ಯಾರಿಸ್ಸಿನ ಪಾಲೇ ರೊಯಾಲ್‌ನಲ್ಲಿ ಜಾದೂ ಪ್ರದರ್ಶನಕ್ಕೆ ಸ್ವಂತ ರಂಗಮಂದಿರ ತೆರೆದದ್ದು 1845ರ ಜುಲೈ 3ರಂದು. ಆಗ ಅವನಿಗೆ 39 ವರ್ಷ. ಅಲ್ಲಿಯವರೆಗೂ ಅವನು ಅರ ಹಿಡಿದು ಹಲ್ಲುಚಕ್ರ ಉಜ್ಜುತ್ತಿದ್ದ ಮನುಷ್ಯ.

ಅವನ 'ನಿಗೂಢ ಗಡಿಯಾರ' ನೋಡಿದರೆ ಇದು ಅರ್ಥವಾಗುತ್ತೆ. ಮುಖಫಲಕ ಪೂರ್ತಿ ಗಾಜು, ಅದನ್ನು ಹೊತ್ತ ಕಂಬವೂ ಗಾಜು. ಮುಳ್ಳು ಮಾತ್ರ ತಿರುಗುತ್ತಿರುತ್ತೆ. ಯಂತ್ರ ಇರುವುದು ಕೆಳಗಿನ ಪೀಠದಲ್ಲಿ. ಹೊರಗಿನ ಗಾಜಿನ ಕೊಳವೆಯೊಳಗೆ ಇನ್ನೊಂದು ಗಾಜಿನ ಕೊಳವೆ ತಿರುಗುತ್ತ ಚಲನೆಯನ್ನು ಮೇಲಕ್ಕೆ ಒಯ್ಯುತ್ತೆ. ಅಲ್ಲಿ ಗಾಜಿನ ಬಿಲ್ಲೆಯೊಂದರ ಅಂಚಿಗೆ ಹಲ್ಲುಗಳಿವೆ. ಆ ಹಲ್ಲುಗಳನ್ನು ಲೋಹದ ಚೌಕಟ್ಟು ಮುಚ್ಚಿಕೊಂಡಿದೆ. ಗಾಜು ತಿರುಗಿದರೆ ಕಣ್ಣಿಗೆ ಕಾಣುವುದಿಲ್ಲ, ಇಷ್ಟೇ ಉಪಾಯ. ಆದರೆ ಗಾಜು ಒಂದಿಷ್ಟು ಓಲಾಡಿದರೂ, ಅದರ ಮೇಲೊಂದು ಗೀರಿದ್ದರೂ, ಒಂದು ಬೆರಳಚ್ಚಿದ್ದರೂ ತಿರುಗುವುದು ಕಂಡುಹೋಗುತ್ತೆ. ಕೆಲಸ ಇರುವುದೇ ಅಲ್ಲಿ.

ಅವನ ಕಿತ್ತಳೆ ಗಿಡವೂ ಹಾಗೆಯೇ. ಪ್ರೇಕ್ಷಕರ ಕಣ್ಣೆದುರೇ ಹೂ ಬಿಟ್ಟು ಕಾಯಾಗುವ ಗಿಡ ಅದು. ಕೊಂಬೆಗಳು ಟೊಳ್ಳು. ಮೇಜಿನೊಳಗಿನ ದಂಡಗಳು ಮೇಲೆದ್ದು ಗಿಡದೊಳಗಿನ ದಂಡಗಳನ್ನು ಒತ್ತಿದಾಗ ತೆಳು ಕಾಗದದ ಹೂಗಳು ಕೊಂಬೆಯ ತುದಿಯಿಂದ ಅರಳಿಕೊಳ್ಳುತ್ತವೆ. ಹಣ್ಣು ನಿಜವಾದ ಕಿತ್ತಳೆಯೇ: ಸಣ್ಣ ಮೊಳೆಗೆ ಚುಚ್ಚಿ, ಎಲೆ ಹೊದಿಸಿದ ಅರ್ಧಗೋಳದ ಮರೆಯ ಹಿಂದೆ ಇಟ್ಟಿರುತ್ತಾರೆ. ಮರೆ ಅರ್ಧ ಸುತ್ತು ತಿರುಗಿದರೆ ಹಣ್ಣು ಹೊರಗೆ. ಕೊನೆಯ ಹಣ್ಣು ಮಾತ್ರ ಯಂತ್ರದ್ದು; ಅದು ನಾಲ್ಕು ಹೋಳಾಗಿ ಬಿಚ್ಚಿ, ಎರಡು ಚಿಟ್ಟೆಗಳು ಕರವಸ್ತ್ರ ಎತ್ತಿ ಹಿಡಿಯುತ್ತವೆ. ಹಣ್ಣು ಹಂಚಿ ತಿನ್ನಿಸಿದ ಮೇಲೆ ಹೂವು ಕಾಗದದ್ದೋ ಅಂತ ಯಾರು ಕೇಳುತ್ತಾರೆ? (ಎಲ್ಲಕ್ಕೂ ಯಂತ್ರವೇ ಬೇಕೆಂಬ ಹಟವೂ ಅವನಿಗಿರಲಿಲ್ಲ. ತಿಂಡಿ ಹೊತ್ತು ತರುತ್ತಿದ್ದ 'ಮಿಠಾಯಿಗಾರ' ಗೊಂಬೆಯ ಅಂಗಡಿಯೊಳಗೆ ಒಬ್ಬ ಹುಡುಗ ಕೂತಿರುತ್ತಿದ್ದ.)

ಈಗ ನಿನ್ನ ಪೆಟ್ಟಿಗೆ. 12 ವೋಲ್ಟಿನ, 50 ಕೆಜಿ ಹಿಡಿತದ ವಿದ್ಯುತ್ಕಾಂತ ತಗೊಳ್ಳುತ್ತೀಯ ಅಂದುಕೋ. ಆ 50 ಕೆಜಿ ಲೆಕ್ಕ ದಪ್ಪ ಕಬ್ಬಿಣಕ್ಕೆ ನೇರ ತಾಗಿದ್ದಾಗಿನದು. ನಡುವೆ ಒಂದು ಮಿಲಿಮೀಟರ್ ಸಂದಿ ಬಿದ್ದರೂ ಹಿಡಿತ ಅರ್ಧಕ್ಕಿಂತ ಕೆಳಗಿಳಿಯುತ್ತೆ. ಹಾಗಾಗಿ ಮೇಜಿನ ಪ್ಲೈವುಡ್ಡಿನ ಅಡಿಗೆ ಕಾಂತ ಅಂಟಿಸಬೇಡ. ಹಲಗೆಗೆ ತೂತು ಕೊರೆದು, ಕಾಂತದ ಮುಖ ಮೇಲ್ಮಟ್ಟಕ್ಕೆ ಸಮ ಬರುವಂತೆ ಕೂರಿಸಿ, ಮೇಲೆ ಬರೀ ಒಂದು ಕಪ್ಪು ಕಾಗದ ಅಂಟಿಸು. ಕಾಗದಕ್ಕೆ ಇನ್ನೊಂದು ಕೆಲಸವೂ ಇದೆ. ಕರೆಂಟ್ ನಿಲ್ಲಿಸಿದ ಮೇಲೂ ಕಬ್ಬಿಣದಲ್ಲಿ ಸ್ವಲ್ಪ ಕಾಂತತ್ವ ಉಳಿಯುತ್ತೆ. ಲೋಹಕ್ಕೆ ಲೋಹ ತಾಗಿದ್ದರೆ ಪೆಟ್ಟಿಗೆ ಅಂಟಿಕೊಂಡೇ ಇರುತ್ತೆ, 'ಹಗುರಾಯಿತು' ಅನ್ನುವ ಹೊತ್ತಿಗೆ ಮಗು ಕೂಡ ತಿಣುಕಬೇಕಾಗುತ್ತೆ. ಆ ಕೂದಲೆಳೆಯ ಸಂದಿ ಅದನ್ನು ಬಿಡಿಸುತ್ತೆ.

ಪೆಟ್ಟಿಗೆಯ ತಳಕ್ಕೆ 6 ಮಿ.ಮೀ. ಮೆದು ಕಬ್ಬಿಣದ ಹಲಗೆ ಹಾಕು, ತೆಳು ತಗಡು ಸಾಲದು. ಹಿಡಿಯನ್ನು ಮುಚ್ಚಳಕ್ಕೆ ಸ್ಕ್ರೂ ಮಾಡಿ ಬಿಟ್ಟರೆ ಗಟ್ಟಿಗನೊಬ್ಬ ಎಳೆದಾಗ ಮುಚ್ಚಳ ಅವನ ಕೈಗೆ ಬರುತ್ತೆ. ಹಿಡಿಯಿಂದ ತಳದವರೆಗೆ ಕಬ್ಬಿಣದ ಪಟ್ಟಿ ಇಳಿಸಿ ಬೋಲ್ಟ್ ಹಾಕು. ಪೆಟ್ಟಿಗೆ ಎತ್ತರ ಇರಕೂಡದು. ಪಕ್ಕಕ್ಕೆ ಓರೆ ಮಾಡಿದರೆ ಒಂದು ಅಂಚು ಆನಿಕೆಯಾಗಿ ಉಳಿದದ್ದು ಸುಲಭವಾಗಿ ಕಿತ್ತುಬರುತ್ತೆ. ಹಗುರ ಮೇಜಾದರೆ ಪೆಟ್ಟಿಗೆಯ ಜೊತೆ ಮೇಜೂ ಮೇಲೇಳುತ್ತೆ! ಕೆಳಗಿನ ಅಡ್ಡಪಟ್ಟಿಯ ಮೇಲೆ ಇಟ್ಟಿಗೆ ಹೇರಿ, ಬಟ್ಟೆ ಇಳಿಬಿಡು.

ಕಾಂತದೊಳಗಿನ ತಂತಿಸುರುಳಿ (ಕಾಯಿಲ್) ಬಿಸಿಯಾಗುವುದನ್ನು ಮರೆಯಬೇಡ. ತಾಮ್ರದ ತಂತಿ 50 ಡಿಗ್ರಿ ಬಿಸಿಯೇರಿದರೆ ಅದರ ರೋಧ ಸುಮಾರು ಶೇ. 20 ಹೆಚ್ಚುತ್ತೆ, ಹಿಡಿತ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇಳಿಯಬಹುದು. ಯಾರಾದರೂ ಎತ್ತುವಾಗ ಮಾತ್ರ ಸ್ವಿಚ್ ಹಾಕು. ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರಲಿ, ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ. ಇಲ್ಲದಿದ್ದರೆ ಆರಿಸಿದಾಗಲೆಲ್ಲ ಸ್ವಿಚ್ಚಿನಲ್ಲಿ ಕಿಡಿ ಹಾರಿ ಸಂಪರ್ಕ ಸುಡುತ್ತೆ. ಡಯೋಡ್ ಹಾಕಿದ ಮೇಲೆ ಕಾಂತ ಬಿಡುವುದು ತುಸು ತಡ, ಹಾಗಾಗಿ ಆರಿಸಿ ಒಂದು ಮಾತಾಡಿ ಆಮೇಲೆ ಎತ್ತಿಸು. ಸ್ವಿಚ್ ಟಕ್ ಅನ್ನದಂಥದ್ದು ಹುಡುಕು.

ಒಂದನ್ನು ಮಾತ್ರ ಅವನಿಂದ ಕಲಿಯಬೇಡ. 1856ರಲ್ಲಿ ಫ್ರೆಂಚ್ ಸರ್ಕಾರ ಅವನನ್ನು ಅಲ್ಜೀರಿಯಕ್ಕೆ ಕಳಿಸಿತು, ಅಲ್ಲಿನ ಧಾರ್ಮಿಕ ಮುಖಂಡರ ಪ್ರಭಾವ ಕುಗ್ಗಿಸುವುದಕ್ಕೆ. ಅಲ್ಲಿ ಇದೇ ಪೆಟ್ಟಿಗೆಯ ಹಿಡಿಗೆ ವಿದ್ಯುತ್ ಹರಿಸಿ, ಎತ್ತಲು ಬಂದ ಬಲಶಾಲಿಗೆ ಶಾಕ್ ಕೊಟ್ಟ. ಕೈಚಳಕ ಎಷ್ಟೇ ಚೆಂದವಿರಲಿ, ನನಗೆ ಅದು ದಬ್ಬಾಳಿಕೆಯಾಗಿಯೇ ಕಾಣುತ್ತೆ. ನಿನ್ನ ಹಿಡಿಗೂ ತಂತಿಗೂ ಸಂಬಂಧವೇ ಇರಬಾರದು. ಪೆಟ್ಟಿಗೆ ಜೋಡಿಸಿದ ಮೇಲೆ ಸಂಪರ್ಕವಿದ್ದರೆ ಸದ್ದು ಮಾಡುವಂತೆ ಮಲ್ಟಿಮೀಟರ್ ತಿರುಗಿಸಿ, ಹಿಡಿಗೂ ಪ್ಲಸ್ ತಂತಿಗೂ ಇಟ್ಟು ನೋಡು, ಆಮೇಲೆ ಹಿಡಿಗೂ ಮೈನಸ್ ತಂತಿಗೂ. ಎರಡು ಸಲವೂ ಮೀಟರ್ ಸದ್ದು ಮಾಡಬಾರದು.

ನಿನ್ನ ಅಮ್ಮ