ಇಸ್ಲಾಮಿಕ್ ಕ್ರೀಡಾಕೂಟ: ಹುಡುಗಿಯರ ಸುದ್ದಿ ಎಲ್ಲಿ?

ಮಾನ್ಯರೇ,

ಸೌದಿ ಅರೇಬಿಯಾದ ರಿಯಾದ್‌ನಲ್ಲಿ 2025ರ ನವೆಂಬರ್ 7ರಿಂದ 21ರವರೆಗೆ ನಡೆದ ಇಸ್ಲಾಮಿಕ್ ಸಾಲಿಡಾರಿಟಿ ಕ್ರೀಡಾಕೂಟದ ಸುದ್ದಿ ನಿಮ್ಮ ಕ್ರೀಡಾ ಪುಟದಲ್ಲಿ ನನಗೆ ಕಂಡದ್ದು ಒಂದೇ ಸಲ, ಪಾಕಿಸ್ತಾನದ ಅರ್ಷದ್ ನದೀಂ ಜಾವೆಲಿನ್ ಚಿನ್ನ ಗೆದ್ದಾಗ. ಅದೂ ನೀರಜ್ ಚೋಪ್ರಾ ಅವರ ಎದುರಾಳಿ ಎಂಬ ಕಾರಣಕ್ಕೆ. ಭಾರತವೇ ಇಲ್ಲದ ಕೂಟವನ್ನು ಯಾರು ಓದುತ್ತಾರೆ ಎಂದು ನಿಮ್ಮವರು ಬಿಟ್ಟಿರಬಹುದು. ಸೇವಾವಧಿಯುದ್ದಕ್ಕೂ ಹೆಣ್ಣುಮಕ್ಕಳಿಗೆ ಥ್ರೋಬಾಲ್, ಕಬಡ್ಡಿ ಕಲಿಸಿದ ನಾನು ಓದುತ್ತಿದ್ದೆ.

ಮೊದಲ ಕೂಟ ನಡೆದದ್ದೂ ಅದೇ ದೇಶದಲ್ಲಿ, 2005ರಲ್ಲಿ. ಆಗ ಮಹಿಳೆಯರಿಗೆ ಒಂದು ಸ್ಪರ್ಧೆಯೂ ಇರಲಿಲ್ಲ. ಸೌದಿ ತನ್ನ ಹೆಣ್ಣುಮಕ್ಕಳನ್ನು ಒಲಿಂಪಿಕ್ಸ್‌ಗೆ ಕಳುಹಿಸಿದ್ದೇ 2012ರಲ್ಲಿ. ಹೆಂಗಸರು ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಗಿ ಪಂದ್ಯ ನೋಡಲು 2018ರವರೆಗೆ ಕಾಯಬೇಕಾಯಿತು. ಈಗ ಅಲ್ಲೇ ಹುಡುಗಿಯರು ಓಡಿದರು, ಭಾರ ಎತ್ತಿದರು. ಹಾಗೆಂದು ಆತಿಥೇಯರಿಗೆ ಹಾರ ಹಾಕಲು ನಾನು ತಯಾರಿಲ್ಲ. ಕಾರು ಓಡಿಸುವ ಹಕ್ಕು ಕೇಳಿದ ಹೆಂಗಸರನ್ನು ಅದೇ 2018ರಲ್ಲಿ ಜೈಲಿಗೆ ಹಾಕಿದ ಸರ್ಕಾರ ಅದು. 2034ರ ವಿಶ್ವಕಪ್ ಫುಟ್‌ಬಾಲ್ ಕೈಯಲ್ಲಿರುವಾಗ ಜಗತ್ತು ನೋಡುತ್ತಿದೆ ಎಂಬ ಅಳುಕು ಇದ್ದೇ ಇರುತ್ತದೆ. ಆ ಅಳುಕಿನಿಂದಲೇ ಬಾಗಿಲು ತೆರೆದಿದ್ದರೂ ಒಳಗೆ ಹೋದ ಹುಡುಗಿಯರಿಗೆ ಲಾಭವೇ.

ಇರಾನ್ ಬೇರೆ ದಾರಿ ಹಿಡಿದಿತ್ತು. ಆಗಿನ ಅಧ್ಯಕ್ಷ ರಫ್ಸಂಜಾನಿ ಅವರ ಮಗಳು ಫಾಯಿಜೆ ಹಾಶೆಮಿ 1993ರಲ್ಲಿ ಟೆಹರಾನ್‌ನಲ್ಲಿ ಮಹಿಳೆಯರದೇ ಕೂಟ ಆರಂಭಿಸಿದರು. 2005ರವರೆಗೆ ನಾಲ್ಕು ಸಲ ನಡೆಯಿತು. ಗಂಡಸರಿಗೆ ಪ್ರವೇಶವಿಲ್ಲದ ಅಂಗಳದಲ್ಲಿ ಹುಡುಗಿಯರು ತಲೆವಸ್ತ್ರವಿಲ್ಲದೆ ಆಡಿದರು. ಆದರೆ ಅದೇ ಟೆಹರಾನ್‌ಗೆ ಸಿಕ್ಕಿದ್ದ ಎರಡನೇ ಸಾಲಿಡಾರಿಟಿ ಕೂಟ 2010ರಲ್ಲಿ ರದ್ದಾಯಿತು. ಲಾಂಛನ, ಪದಕಗಳ ಮೇಲೆ ‘ಪರ್ಷಿಯನ್ ಗಲ್ಫ್’ ಎಂದಿದ್ದುದಕ್ಕೆ, ಅದನ್ನು ‘ಅರೇಬಿಯನ್ ಗಲ್ಫ್’ ಎನ್ನುವ ಅರಬ್ ದೇಶಗಳ ತಕರಾರು. (ನಮ್ಮ ಕರಾವಳಿಯಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿದ್ದಾರೆ, ಅದು ಯಾರ ಗಲ್ಫ್ ಎಂದು ಕೇಳಿದವರನ್ನು ನಾನು ಕಂಡಿಲ್ಲ.) 2013ರ ಕೂಟವೂ ಇಂಡೊನೇಷ್ಯಾದ ಪೆಕನ್‌ಬಾರು ಬಿಟ್ಟು ಪಾಲೆಂಬಾಂಗ್‌ಗೆ ಹೋಗಬೇಕಾಯಿತು, ಆ ವರ್ಷವೇ ಪೆಕನ್‌ಬಾರು ಇರುವ ಪ್ರಾಂತ್ಯದ ಗವರ್ನರ್ ಭ್ರಷ್ಟಾಚಾರದ ಆರೋಪದಲ್ಲಿ ಸೆರೆಯಾಗಿದ್ದರು.

ಹೆಸರು ನೋಡಿ ಇದು ಮುಸ್ಲಿಮರಿಗೆ ಮಾತ್ರ ಎಂದು ತಿಳಿಯುವವರೂ ಇದ್ದಾರೆ. ಇಸ್ಲಾಮಿಕ್ ಸಹಕಾರ ಸಂಘಟನೆಯ 57 ಸದಸ್ಯ ರಾಷ್ಟ್ರಗಳ ಕೂಟವಿದು. ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಉಗಾಂಡ, ಕ್ಯಾಮರೂನ್ ಕೂಡ ಸದಸ್ಯರೇ. ಬೇರೆ ಧರ್ಮದ ಆಟಗಾರರಿಗೂ ಅವಕಾಶವಿದೆ. 2011ರ ಜನಗಣತಿಯಲ್ಲಿ 17 ಕೋಟಿಗೂ ಹೆಚ್ಚು ಮುಸ್ಲಿಮರಿದ್ದ ಭಾರತ ಮಾತ್ರ ಸದಸ್ಯನಲ್ಲ, ಆದ್ದರಿಂದ ನಮ್ಮ ತಂಡವಿಲ್ಲ.

ಒಮ್ಮೆ ತಾಲ್ಲೂಕು ಮಟ್ಟದ ಥ್ರೋಬಾಲ್ ಪಂದ್ಯದಲ್ಲಿ ನನ್ನ ತಂಡದ ಇಬ್ಬರು ಹುಡುಗಿಯರನ್ನು ಅಂಪೈರ್ ಹೊರಗೆ ನಿಲ್ಲಿಸಿದರು. ತಲೆವಸ್ತ್ರಕ್ಕೆ ಸೇಫ್ಟಿ ಪಿನ್ ಹಾಕಿದ್ದರು, ಚುಚ್ಚಿದರೆ ಯಾರು ಹೊಣೆ ಎಂದು. ಅವರ ಮಾತಿನಲ್ಲಿ ನ್ಯಾಯವಿತ್ತು. ಮರುವಾರವೇ ಪೇಟೆಯ ದರ್ಜಿಯ ಬಳಿ ಹೋಗಿ ಬನಿಯನ್ ಬಟ್ಟೆಯಲ್ಲಿ ಕಿವಿ ಮುಚ್ಚುವಂಥ, ಹಿಂದೆ ಇಲಾಸ್ಟಿಕ್ ಇರುವ ಟೋಪಿ ಹೊಲಿಸಿದೆ. ಆಮೇಲೆ ಯಾರೂ ತಡೆಯಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ 2014ರ ಇಂಚೆನ್ ಏಷ್ಯನ್ ಕೂಟದಲ್ಲಿ ಕತಾರ್‌ನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ, ತಲೆವಸ್ತ್ರ ತೆಗೆಯಲು ಒಪ್ಪದೆ, ಆಡದೆ ಹೊರನಡೆದಿತ್ತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಆ ನಿಯಮ ಬದಲಿಸಿ ತಲೆವಸ್ತ್ರಕ್ಕೆ ಅವಕಾಶ ಕೊಟ್ಟದ್ದು 2017ರಲ್ಲಿ.

ನನ್ನ ತಂಡದ ಒಳ್ಳೆಯ ಆಟಗಾರ್ತಿಯರಲ್ಲಿ ಹೆಚ್ಚಿನವರ ಆಟ ಹತ್ತನೇ ತರಗತಿಗೆ ನಿಂತಿತು. ಎಲ್ಲ ಜಾತಿ, ಧರ್ಮದ ಅಪ್ಪಂದಿರೂ ‘ಸಾಕು ಟೀಚರ್, ಇನ್ನು ಬೇಡ’ ಎಂದೇ ಹೇಳಿದವರು. ಮುಂದಿನ ಕೂಟದ ವೇಳೆ ಭಾರ ಎತ್ತುವ, ಓಡುವ ಆ ಹುಡುಗಿಯರ ಒಂದೆರಡು ಚಿತ್ರಗಳನ್ನಾದರೂ ದೊಡ್ಡದಾಗಿ ಹಾಕಿ. ಆ ಅಪ್ಪಂದಿರು ಓದುವುದು ನಿಮ್ಮ ಪತ್ರಿಕೆಯನ್ನೇ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಬಂಟ್ವಾಳ